ವರದಿಯಲ್ಲಿ ಡಿವೈಎನ್‌ಸಿ1ಎಚ್1 ಎಂದು ಬಂದಾಗ ಅದನ್ನು ಓದುವ ಕ್ರಮ

ಹಾಸನ ಜಿಲ್ಲೆಯ ಮನೆಗಳಿಗೂ ಈಗ ಜೆನೆಟಿಕ್ ಪರೀಕ್ಷೆಯ ವರದಿಗಳು ಬರುತ್ತಿವೆ. ಮಗುವಿನ ರಕ್ತವನ್ನು ಇಲ್ಲಿಯೇ ತೆಗೆದು ದೂರದ ಊರಿನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ; ಕೆಲವು ವಾರಗಳು ಕಳೆದ ಮೇಲೆ ನಾಲ್ಕೈದು ಪುಟಗಳ ಇಂಗ್ಲಿಷ್ ಪಿಡಿಎಫ್ ತಂದೆಯ ಮೊಬೈಲಿಗೆ ಬಂದು ಬೀಳುತ್ತದೆ. ಪದವಿಪೂರ್ವ ಕಾಲೇಜಿನಲ್ಲಿ ಬಹುಕಾಲ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನೆಂಬ ಕಾರಣಕ್ಕೆ, ಅಂಥ ವರದಿಗಳನ್ನು ಹಿಡಿದುಕೊಂಡು ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಮನೆಗೆ ಬರುತ್ತಾರೆ. ಅರಕಲಗೂಡು ಕಡೆಯ ಒಬ್ಬರು ತಮ್ಮ ಮೂರು ವರ್ಷದ ಮಗಳ ವರದಿಯನ್ನು ತಂದಿದ್ದರು. ಮಗು ತಡವಾಗಿ ನಡೆಯಲು ಕಲಿತಿತ್ತು, ನಡೆಯುವಾಗ ಸೊಂಟವನ್ನು ಆಚೀಚೆ ಹೊಯ್ದಾಡಿಸುತ್ತಿತ್ತು. ವರದಿಯನ್ನು ಕೊಟ್ಟ ಕಡೆಯವರು ‘ಡಾಕ್ಟರಿಗೆ ತೋರಿಸಿ’ ಎಂದಷ್ಟೇ ಹೇಳಿ ಕಳುಹಿಸಿದ್ದರು. ತಂದೆ ಅಂದು ರಾತ್ರಿಯೇ ವರದಿಯಲ್ಲಿದ್ದ ಡಿವೈಎನ್‌ಸಿ1ಎಚ್1 (DYNC1H1) ಎಂಬ ವಂಶವಾಹಿಯ, ಅಂದರೆ ಜೀನಿನ, ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಅದರೊಂದಿಗೆ ಬಂದ ಕಾಯಿಲೆಗಳ ಪಟ್ಟಿಯನ್ನೆಲ್ಲ ಓದಿದ್ದರು. ಗಂಡ ಹೆಂಡತಿ ಇಬ್ಬರೂ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ.

ಆ ಎರಡು ರಾತ್ರಿಗಳು ಇನ್ನೊಂದು ಮನೆಗೆ ಬರಬಾರದು ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ರೋಗವನ್ನು ನಿರ್ಧರಿಸುವುದೂ ಚಿಕಿತ್ಸೆಯನ್ನು ಹೇಳುವುದೂ ವೈದ್ಯರ ಕೆಲಸ. ಆದರೆ ವೈದ್ಯರ ಎದುರು ಕುಳಿತಾಗ ಸಿಗುವ ಹತ್ತು ಹದಿನೈದು ನಿಮಿಷಗಳಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳಬೇಕಾದರೆ, ವರದಿಯ ಯಾವ ಸಾಲು ಏನನ್ನು ಹೇಳುತ್ತಿದೆ ಎಂಬುದು ಮನೆಯವರಿಗೆ ತಿಳಿದಿರಬೇಕು. ಆ ಸಾಲುಗಳನ್ನು ಓದುವುದಕ್ಕೆ ಒಂದು ಕ್ರಮವಿದೆ. ಹೆಚ್ಚಿನವರು ಮೊದಲು ಓದುವುದು ಕಾಯಿಲೆಯ ಹೆಸರನ್ನು; ಅದನ್ನು ಕೊನೆಯಲ್ಲಿ ಓದಬೇಕು.

ಈ ವಂಶವಾಹಿ ಮಾಡುವ ಕೆಲಸ

ಡಿವೈಎನ್‌ಸಿ1ಎಚ್1 ಎಂಬ ಅಕ್ಷರಗಳ ಸಾಲು ನೋಡಲು ವಾಹನದ ನೋಂದಣಿ ಸಂಖ್ಯೆಯಂತಿದ್ದರೂ ಅದಕ್ಕೆ ನೇರವಾದ ಅರ್ಥವಿದೆ. ಕೋಶದ್ರವ್ಯದಲ್ಲಿ ಕೆಲಸ ಮಾಡುವ ಡೈನೀನ್ ಎಂಬ ಪ್ರೋಟೀನ್ ಯಂತ್ರದ ಭಾರ ಸರಪಳಿಯನ್ನು ತಯಾರಿಸುವ ಸೂಚನೆ ಇದರಲ್ಲಿದೆ ಎಂಬುದೇ ಆ ಹೆಸರಿನ ಸಾರ. ಈ ವಂಶವಾಹಿ 14ನೆಯ ವರ್ಣತಂತುವಿನ ಉದ್ದನೆಯ ತೋಳಿನ ತುದಿಯ ಕಡೆಗೆ ಇದೆ. ಅದರ ಸೂಚನೆಯಂತೆ ತಯಾರಾಗುವ ಸರಪಳಿ 4,646 ಅಮೈನೋ ಆಮ್ಲಗಳಷ್ಟು ಉದ್ದವಾಗಿರುತ್ತದೆ. ರಕ್ತದ ಹಿಮೋಗ್ಲೋಬಿನ್‌ನ ಒಂದು ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಮಾತ್ರ ಇರುವುದನ್ನು ನೆನೆದರೆ ಇದರ ಗಾತ್ರ ಅರಿವಿಗೆ ಬರುತ್ತದೆ.

ಹಾಸನದ ಎಪಿಎಂಸಿ ಅಂಗಳದಲ್ಲಿ ಆಲೂಗಡ್ಡೆಯ ಕಾಲದಲ್ಲಿ ನಿಂತು ನೋಡಿದವರಿಗೆ ಡೈನೀನ್‌ನ ಕೆಲಸವನ್ನು ವಿವರಿಸುವುದು ಕಷ್ಟವಲ್ಲ. ಹಮಾಲಿಯೊಬ್ಬರು ಮೂಟೆಯನ್ನು ಬೆನ್ನ ಮೇಲೆ ಹೊತ್ತು ಹಲಗೆಯ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆಯನ್ನಿಡುತ್ತಾ ಲಾರಿಯಿಂದ ಮಳಿಗೆಗೆ ಹೋಗುವಂತೆ, ಡೈನೀನ್ ಜೀವಕೋಶದೊಳಗಿನ ಮೈಕ್ರೋಟ್ಯೂಬ್ಯೂಲ್ ಎಂಬ ಸೂಕ್ಷ್ಮ ನಳಿಕೆಯ ಮೇಲೆ ಸರಕನ್ನು ಹೊತ್ತು ನಡೆಯುತ್ತದೆ. ಅದರ ಒಂದು ಹೆಜ್ಜೆ ಸಾಮಾನ್ಯವಾಗಿ 8 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಎಂಟು ಪಾಲು. ಎರಡು ಭಾರ ಸರಪಳಿಗಳು ಜೋಡಿಯಾಗಿ ಸೇರಿ ಅದರ ಎರಡು ಕಾಲುಗಳಾಗುತ್ತವೆ. ಪ್ರತಿ ಕಾಲಿನಲ್ಲಿ ಆರು ಭಾಗಗಳುಳ್ಳ ಒಂದು ಉಂಗುರವಿದೆ. ಎಟಿಪಿ ಎಂಬ ಇಂಧನ ಒಡೆಯುವುದು ಅಲ್ಲಿಯೇ. ಉಂಗುರದಿಂದ ಹೊರಕ್ಕೆ ಚಾಚಿದ ಸಣ್ಣ ಕಾಂಡದ ತುದಿ ನಳಿಕೆಯನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸರಪಳಿಯ ಇನ್ನೊಂದು ಕೊನೆಯಾದ ಬಾಲಕ್ಕೆ ಬೇರೆ ವಂಶವಾಹಿಗಳಿಂದ ತಯಾರಾದ ಚಿಕ್ಕ ಸರಪಳಿಗಳು ಅಂಟಿಕೊಂಡು ಸರಕನ್ನು ಹಿಡಿಯಲು ನೆರವಾಗುತ್ತವೆ. ಎಷ್ಟೇ ಗಟ್ಟಿಗ ಹಮಾಲಿಯಾದರೂ ಕ್ವಿಂಟಲ್ ಮೂಟೆಯನ್ನು ತಾನೇ ಎತ್ತಿ ತನ್ನ ಬೆನ್ನಿಗೆ ಹಾಕಿಕೊಳ್ಳಲಾರ, ಇಬ್ಬರು ಎತ್ತಿಕೊಡಬೇಕು. ಡೈನೀನ್ ಕೂಡ ಡೈನಾಕ್ಟಿನ್ ಎಂಬ ಸಹಾಯಕ ಸಂಕೀರ್ಣವೂ ಸರಕಿಗೆ ತಕ್ಕ ಒಂದು ಜೋಡಕ ಪ್ರೋಟೀನೂ ಸೇರಿದಾಗಲೇ ದೂರದವರೆಗೆ ಚೆನ್ನಾಗಿ ನಡೆಯುತ್ತದೆ.

ದಿಕ್ಕಿನ ಸಂಗತಿಯೂ ಮುಖ್ಯ. ಜೀವಕೋಶದಲ್ಲಿ ಕೈನೆಸಿನ್‌ಗಳೆಂಬ ಇನ್ನೊಂದು ಬಗೆಯ ಹೊರೆಯಾಳುಗಳಿವೆ. ಅವುಗಳಲ್ಲಿ ಹೆಚ್ಚಿನವು ಸರಕನ್ನು ನಡುವಿನಿಂದ ಅಂಚಿನ ಕಡೆಗೆ ಒಯ್ಯುತ್ತವೆ, ಡೈನೀನ್ ಅಂಚಿನಿಂದ ನಡುವಿನ ಕಡೆಗೆ ತರುತ್ತದೆ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ನರಕೋಶದ ತಂತು ದೊಡ್ಡವರಲ್ಲಿ ಸುಮಾರು ಒಂದು ಮೀಟರ್ ಉದ್ದವಿರುತ್ತದೆ. ಸೆಕೆಂಡಿಗೆ ಒಂದು ಮೈಕ್ರೋಮೀಟರ್ ವೇಗದಲ್ಲಿ ನಿಲ್ಲದೆ ನಡೆದರೆ ದಿನಕ್ಕೆ 86 ಮಿಲಿಮೀಟರ್ ಆಗುತ್ತದೆ. ಪಾದದಿಂದ ಬೆನ್ನುಹುರಿಗೆ ಒಂದು ಸರಕು ತಲುಪಲು ಹನ್ನೊಂದು ಹನ್ನೆರಡು ದಿನ ಬೇಕು. ನಡಿಗೆಯಲ್ಲಿ ಸಣ್ಣ ಕುಂದಿದ್ದರೂ ಅದು ಮೊದಲು ಕಾಡುವುದು ಇಷ್ಟು ಉದ್ದದ ದಾರಿಯಲ್ಲಿಯೇ. ಈ ವಂಶವಾಹಿಯ ಕಾಯಿಲೆ ಕೈಗಳಿಗಿಂತ ಕಾಲುಗಳಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೊಂದು ಕಾರಣವೆಂದು ತಿಳಿಯಬಹುದು. ಹುಚ್ಚುನಾಯಿ ಕಡಿದಾಗ ರೇಬೀಸ್ ವೈರಸ್ ನರದ ತುದಿಯನ್ನು ಹೊಕ್ಕು ಮೆದುಳಿನ ಕಡೆಗೆ ಸಾಗುವುದೂ ಒಳಮುಖವಾದ ಇದೇ ಸಾಗಾಟವನ್ನು ಬಳಸಿಕೊಂಡು. ಗಾಯ ತಲೆಗೆ ಹತ್ತಿರವಿದ್ದಷ್ಟೂ ಅಪಾಯ ಬೇಗ ಬರುತ್ತದೆ ಎಂದು ವೈದ್ಯರು ಎಚ್ಚರಿಸುವುದರ ಹಿಂದೆ ದಾರಿಯ ಉದ್ದದ ಲೆಕ್ಕವಿದೆ.

ಇಯಾನ್ ಗಿಬ್ಬನ್ಸ್ ಅವರು 1963ರಲ್ಲಿ ಟೆಟ್ರಾಹೈಮೆನಾ ಎಂಬ ಏಕಕೋಶ ಜೀವಿಯ ಸೂಕ್ಷ್ಮ ರೋಮಗಳಲ್ಲಿ ಈ ಬಗೆಯ ಪ್ರೋಟೀನನ್ನು ಮೊದಲು ಗುರುತಿಸಿದರು. ಡೈನೀನ್ ಎಂಬ ಹೆಸರು 1965ರಲ್ಲಿ ಬಂದಿತು. ಅದು ರೋಮಗಳನ್ನು ಬಡಿಸುವ ಡೈನೀನ್. ನಮ್ಮ ವರದಿಯಲ್ಲಿರುವುದು ಕೋಶದ ಒಳಗೆ ಸರಕು ಹೊರುವ ಡೈನೀನ್. ಹೆಸರು ಒಂದೇ ಆದರೂ ವಂಶವಾಹಿಗಳು ಬೇರೆ, ಕಾಯಿಲೆಗಳೂ ಬೇರೆ. ಡಿಎನ್‌ಎಎಚ್5 ಎಂದು ಬರೆದಿದ್ದರೆ ಅದು ಉಸಿರಾಟದ ದಾರಿಯ ರೋಮಗಳಿಗೆ ಸಂಬಂಧಿಸಿದ್ದು. ಅದಕ್ಕೆ ಈ ಬರಹ ಅನ್ವಯಿಸುವುದಿಲ್ಲ. ಆದ್ದರಿಂದ ವರದಿಯಲ್ಲಿರುವ ಹೆಸರನ್ನು ಒಂದೊಂದು ಅಕ್ಷರವಾಗಿ ಹೋಲಿಸಿ ನೋಡುವುದೇ ಮೊದಲ ಕೆಲಸ.

ಫಲಿತಾಂಶದ ಸಾಲನ್ನು ಬಿಡಿಸುವುದು

ವರದಿಯ ಮೊದಲ ಅಥವಾ ಎರಡನೆಯ ಪುಟದಲ್ಲಿ ಒಂದು ಕೋಷ್ಟಕವಿರುತ್ತದೆ. ಮಿಕ್ಕ ಪುಟಗಳನ್ನು ಸದ್ಯಕ್ಕೆ ಮಡಿಚಿಡಿ. ಕೊನೆಯ ಪುಟಗಳಲ್ಲಿ ನೂರಾರು ವಂಶವಾಹಿಗಳ ಹೆಸರಿನ ಪಟ್ಟಿಯೊಂದು ಇರುವುದುಂಟು. ಅವೆಲ್ಲವೂ ಕೆಟ್ಟಿವೆ ಎಂದು ತಿಳಿದು ಅತ್ತವರನ್ನು ನಾನು ಕಂಡಿದ್ದೇನೆ. ಅದು ಪರೀಕ್ಷಿಸಿ ನೋಡಿದ ವಂಶವಾಹಿಗಳ ಪಟ್ಟಿ ಮಾತ್ರ. ದೋಷ ಕಂಡುಬಂದಿದ್ದರೆ ಅದು ಕೋಷ್ಟಕದಲ್ಲಿ ಇರುತ್ತದೆ.

ಕೋಷ್ಟಕದಲ್ಲಿ ವಂಶವಾಹಿಯ ಹೆಸರಿನ ಕೆಳಗೋ ಪಕ್ಕಕ್ಕೋ ಎನ್‌ಎಂ ಎಂದು ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಡಿವೈಎನ್‌ಸಿ1ಎಚ್1ಗೆ ಅದು ಎನ್‌ಎಂ 001376. ಅದರ ಮುಂದೆ ಚುಕ್ಕಿ ಹಾಕಿ ಆವೃತ್ತಿಯ ಸಂಖ್ಯೆಯನ್ನು ಬರೆದಿರುತ್ತಾರೆ. ವಂಶವಾಹಿಯ ಡಿಎನ್‌ಎ ಅಕ್ಷರಗಳನ್ನು ಯಾವ ಮೂಲಪ್ರತಿಯಿಂದ ಎಣಿಸಿದ್ದಾರೆ ಎಂಬುದನ್ನು ಅದು ಹೇಳುತ್ತದೆ. ನಂತರ ಬರುವುದು ಸಿ ಎಂಬ ಅಕ್ಷರದಿಂದ ಆರಂಭವಾಗುವ ಬರಹ, ಅದರ ಹಿಂದೆಯೇ ಪಿ ಎಂಬ ಅಕ್ಷರದಿಂದ ಆರಂಭವಾಗುವ ಬರಹ. ಉದಾಹರಣೆಗೆ 2011ರಲ್ಲಿ ಒಂದು ದೊಡ್ಡ ಕುಟುಂಬದಲ್ಲಿ ಪತ್ತೆಯಾದ ಬದಲಾವಣೆಯನ್ನು ತೆಗೆದುಕೊಳ್ಳೋಣ. ಅದನ್ನು ಸಿ.917ಎ>ಜಿ, ಪಿ.ಹಿಸ್306ಆರ್ಗ್ ಎಂದು ಬರೆಯುತ್ತಾರೆ. ಸೂಚನೆಯ 917ನೆಯ ಅಕ್ಷರದಲ್ಲಿ ಎ ಇರಬೇಕಾದ ಕಡೆ ಜಿ ಇದೆ; ಅದರಿಂದಾಗಿ ಪ್ರೋಟೀನಿನ 306ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ಬರಬೇಕಾದ ಕಡೆ ಆರ್ಜಿನಿನ್ ಬರುತ್ತದೆ ಎಂದು ಅದರ ಅರ್ಥ.

ಇಲ್ಲಿ ಮನೆಯಲ್ಲಿಯೇ ಮಾಡಬಹುದಾದ ಒಂದು ತಾಳೆ ಇದೆ. ಮೂರು ಅಕ್ಷರಗಳಿಗೆ ಒಂದು ಅಮೈನೋ ಆಮ್ಲ ಎಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಆದ್ದರಿಂದ ಸಿ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಶೇಷ ಉಳಿದರೆ ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿದರೆ ಪಿ ಸಂಖ್ಯೆ ಸಿಗಬೇಕು. 917ನ್ನು ಮೂರರಿಂದ ಭಾಗಿಸಿದರೆ 305, ಶೇಷ ಎರಡು, ಆದ್ದರಿಂದ 306. ಒಂದು ಅಕ್ಷರದ ಬದಲಿಗೆ ಇನ್ನೊಂದು ಅಕ್ಷರ ಬಂದು ಅಮೈನೋ ಆಮ್ಲ ಬದಲಾದ ಸಂದರ್ಭಗಳಿಗೆ ಈ ಲೆಕ್ಕ ಒಪ್ಪುತ್ತದೆ. ನಿಮ್ಮ ವರದಿಯಲ್ಲಿ ಎರಡು ಸಂಖ್ಯೆಗಳು ತಾಳೆಯಾಗದಿದ್ದರೆ ಬೆರಳಚ್ಚಿನ ತಪ್ಪಾಗಿರಬಹುದು. ಪ್ರಯೋಗಾಲಯವನ್ನು ಸಂಕೋಚವಿಲ್ಲದೆ ಕೇಳಿ. ಮುಂದೆ ತಂದೆತಾಯಿಯ ರಕ್ತದಲ್ಲಿ ಹುಡುಕುವುದು ಇದೇ ಸ್ಥಾನವನ್ನಾದ್ದರಿಂದ ಒಂದು ಅಂಕಿ ತಪ್ಪಿದರೂ ಕೆಲಸ ಕೆಡುತ್ತದೆ.

ಪಿ ಸಂಖ್ಯೆ ಇನ್ನೊಂದು ಸುಳಿವನ್ನೂ ಕೊಡುತ್ತದೆ. ಸರಪಳಿಯ ಮೊದಲ ಸುಮಾರು 1,400 ಸ್ಥಾನಗಳು ಬಾಲದ ಭಾಗ. ಅಲ್ಲಿಂದ ಮುಂದಿನದು ಉಂಗುರವಿರುವ ಎಂಜಿನ್ ಭಾಗ, ಅದರಲ್ಲಿಯೇ 3,300ರ ಆಚೀಚೆ ನಳಿಕೆಯನ್ನು ಹಿಡಿಯುವ ತುದಿ. ಈವರೆಗೆ ವರದಿಯಾದ ಕುಟುಂಬಗಳನ್ನು ಒಟ್ಟಿಗೆ ನೋಡಿದಾಗ, ಬಾಲದ ಬದಲಾವಣೆಗಳು ಹೆಚ್ಚಾಗಿ ಕಾಲಿನ ಸ್ನಾಯುಗಳ ನಿಶ್ಶಕ್ತಿಯನ್ನೂ ಎಂಜಿನ್ ಭಾಗದ ಬದಲಾವಣೆಗಳು ಹೆಚ್ಚಾಗಿ ಮೆದುಳಿನ ರಚನೆಯ ತೊಂದರೆ, ಫಿಟ್ಸ್, ಕಲಿಕೆಯ ಹಿಂದುಳಿಯುವಿಕೆಯನ್ನೂ ತಂದಿವೆ. 2012ರಲ್ಲಿ ಕಾಲಿನ ನಿಶ್ಶಕ್ತಿಯ ಕುಟುಂಬಗಳಲ್ಲಿ ಕಂಡ 584, 671, 970ನೆಯ ಸ್ಥಾನಗಳ ಬದಲಾವಣೆಗಳು ಬಾಲದಲ್ಲಿವೆ. 2013ರಲ್ಲಿ ಮೆದುಳಿನ ಹೊರಪದರದ ತೊಂದರೆಯುಳ್ಳವರಲ್ಲಿ ಕಂಡ 3336, 3384ನೆಯ ಸ್ಥಾನಗಳವು ನಳಿಕೆಯನ್ನು ಹಿಡಿಯುವ ಭಾಗದಲ್ಲಿವೆ. ಆದರೆ ಇದು ಗೆರೆ ಎಳೆದಂಥ ವಿಭಾಗವಲ್ಲ. ಎರಡೂ ಬಗೆಯ ಲಕ್ಷಣಗಳು ಒಬ್ಬರಲ್ಲಿಯೇ ಬೆರೆತಿರುವುದುಂಟು. ಸ್ಥಾನದ ಸಂಖ್ಯೆಯೊಂದನ್ನೇ ಹಿಡಿದು ಮಗುವಿನ ಮುಂದಿನ ದಿನಗಳನ್ನು ಯಾರೂ ಲೆಕ್ಕ ಹಾಕಬಾರದು.

ಅದೇ ಸಾಲಿನಲ್ಲಿ ಹೆಟೆರೋಜೈಗಸ್ ಎಂಬ ಪದ ಇದ್ದೇ ಇರುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ನಮ್ಮಲ್ಲಿ ಈ ವಂಶವಾಹಿಯ ಎರಡು ಪ್ರತಿಗಳಿವೆ. ಒಂದರಲ್ಲಿ ಮಾತ್ರ ಬದಲಾವಣೆ ಇದೆ ಎಂದು ಆ ಪದ ಹೇಳುತ್ತದೆ. ‘ಒಂದು ಪ್ರತಿ ಚೆನ್ನಾಗಿದೆಯಲ್ಲ, ಹಾಗಾದರೆ ತೊಂದರೆ ಏಕೆ?’ ಎಂದು ಹಲವರು ಕೇಳುತ್ತಾರೆ. ಡೈನೀನ್ ಎರಡು ಕಾಲುಗಳ ಯಂತ್ರ. ಎರಡೂ ಪ್ರತಿಗಳಿಂದ ಸರಪಳಿಗಳು ತಯಾರಾಗಿ ಜೋಡಿಯಾಗುವಾಗ, ಯಾವುದಕ್ಕೆ ಯಾವುದು ಜೊತೆ ಎಂಬ ನಿಯಮವಿಲ್ಲದಿದ್ದರೆ, ನಾಲ್ಕರಲ್ಲಿ ಮೂರು ಜೋಡಿಗಳಲ್ಲಿ ಒಂದಾದರೂ ಬದಲಾದ ಕಾಲು ಸೇರಿಕೊಳ್ಳುತ್ತದೆ. ಒಳ್ಳೆಯ ಪ್ರತಿ ಇದ್ದರೂ ಕೆಲಸ ಕುಂಟುವುದು ಹೀಗೆ. ವರದಿಯಲ್ಲಿ ಆಟೋಸೋಮಲ್ ಡಾಮಿನೆಂಟ್ ಎಂದು ಬರೆದಿರುವುದೂ ಇದೇ ಕಾರಣಕ್ಕೆ.

ವರ್ಗದ ಪದವೇ ಎಲ್ಲಕ್ಕಿಂತ ಮುಖ್ಯ

ಕೋಷ್ಟಕದ ಕೊನೆಯ ಕಾಲಮಿನಲ್ಲಿ ಬದಲಾವಣೆಯ ವರ್ಗವನ್ನು ಬರೆದಿರುತ್ತಾರೆ. ವರದಿಯಲ್ಲಿ ಇದಕ್ಕಿಂತ ತೂಕದ ಪದ ಬೇರೆ ಇಲ್ಲ. ದುರದೃಷ್ಟವಶಾತ್ ಮನೆಯವರ ಕಣ್ಣಿಗೆ ಕೊನೆಗೆ ಬೀಳುವುದೂ ಇದೇ. ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಸಂಸ್ಥೆಗಳು 2015ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಪ್ರಪಂಚದ ಹೆಚ್ಚಿನ ಪ್ರಯೋಗಾಲಯಗಳು ಐದು ವರ್ಗಗಳನ್ನು ಬಳಸುತ್ತವೆ. ಪ್ಯಾಥೋಜೆನಿಕ್ ಎಂದರೆ ಕಾಯಿಲೆ ತರುವಂಥದ್ದು. ಲೈಕ್ಲಿ ಪ್ಯಾಥೋಜೆನಿಕ್ ಎಂದರೆ ಕಾಯಿಲೆ ತರುವಂಥದ್ದೆಂದು ಶೇಕಡಾ 90ಕ್ಕಿಂತ ಹೆಚ್ಚು ಖಚಿತವಿರುವಂಥದ್ದು. ಬಿನೈನ್, ಲೈಕ್ಲಿ ಬಿನೈನ್ ಎಂಬವು ನಿರುಪದ್ರವಿಗಳು. ಅವನ್ನು ಸಾಮಾನ್ಯವಾಗಿ ವರದಿಯಲ್ಲಿ ಬರೆಯುವುದೇ ಇಲ್ಲ. ಕಾಯಿಲೆ ತರುವ ವರ್ಗಗಳಿಗೂ ನಿರುಪದ್ರವಿ ವರ್ಗಗಳಿಗೂ ನಡುವೆ ಇರುವುದು ವಿಯುಎಸ್, ಅಂದರೆ ಅರ್ಥ ಇನ್ನೂ ನಿಶ್ಚಯವಾಗದ ಬದಲಾವಣೆ.

ವಿಯುಎಸ್ ಎಂದು ಬರೆದಿದ್ದರೆ ಕಾಯಿಲೆಯ ಕಾರಣ ಸಿಕ್ಕಿತು ಎಂದು ತಿಳಿಯಬೇಡಿ. ಬದಲಾವಣೆಯೊಂದು ಕಣ್ಣಿಗೆ ಬಿದ್ದಿದೆ, ಅದು ಮಗುವಿನ ತೊಂದರೆಗೆ ಕಾರಣವೋ ಅಥವಾ ನಮ್ಮೆಲ್ಲರಲ್ಲಿಯೂ ಇರುವ ಸಾವಿರಾರು ನಿರಪಾಯ ವ್ಯತ್ಯಾಸಗಳಲ್ಲಿ ಒಂದೋ ಎಂಬುದಕ್ಕೆ ಈಗ ಕೈಯಲ್ಲಿರುವ ಸಾಕ್ಷ್ಯ ಸಾಲದು ಎಂದಷ್ಟೇ ಅದರ ಅರ್ಥ. ವಿಯುಎಸ್ ಒಂದನ್ನೇ ನಂಬಿ ಗರ್ಭ ತೆಗೆಸುವ, ಮದುವೆಯನ್ನು ಮುರಿಯುವ, ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸುವ ತೀರ್ಮಾನವನ್ನು ತೆಗೆದುಕೊಳ್ಳಬಾರದು. ಅರಕಲಗೂಡಿನ ಆ ತಂದೆ ಎರಡು ರಾತ್ರಿ ನಿದ್ದೆಗೆಟ್ಟದ್ದು ವಿಯುಎಸ್ ಎಂದು ಬರೆದಿದ್ದ ವರದಿಯಿಂದ. ಆ ಮೂರಕ್ಷರಗಳನ್ನು ಅವರು ಓದಿಯೇ ಇರಲಿಲ್ಲ.

ನಮ್ಮವರ ವರದಿಗಳಲ್ಲಿ ವಿಯುಎಸ್ ಹೆಚ್ಚಾಗಿ ಬರುವುದಕ್ಕೆ ಒಂದು ಕಾರಣವನ್ನು ತಿಳಿದಿರುವುದು ಒಳ್ಳೆಯದು. ಒಂದು ಬದಲಾವಣೆ ನಿರಪಾಯವೆಂದು ಹೇಳಲು ಅದು ಆರೋಗ್ಯವಂತರಲ್ಲಿಯೂ ಇದೆಯೇ ಎಂದು ನೋಡುತ್ತಾರೆ. ಹಾಗೆ ನೋಡಲು ಬಳಸುವ ಜಾಗತಿಕ ಸಂಗ್ರಹಗಳಲ್ಲಿ ಯುರೋಪ್ ಮೂಲದವರ ಪಾಲೇ ಹೆಚ್ಚು. ಮಲೆನಾಡಿನ, ಬಯಲುಸೀಮೆಯ ನಮ್ಮ ಸಮುದಾಯಗಳವರ ಪಾಲು ಬಹಳ ಕಡಿಮೆ. ಇಲ್ಲಿ ಸಾಮಾನ್ಯವಾಗಿರುವ ಬದಲಾವಣೆಯೂ ಅಲ್ಲಿ ಅಪರೂಪವೆಂದು ಕಾಣಬಹುದು. ಭಾರತೀಯರದೇ 1,029 ಪೂರ್ಣ ಡಿಎನ್‌ಎ ಬರಹಗಳ, ಅಂದರೆ ಜೀನೋಮ್‌ಗಳ ಇಂಡಿಜೆನ್ ಸಂಗ್ರಹವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಸಮನ್ವಯ ಮಾಡಿದ ಜೀನೋಮ್ ಇಂಡಿಯಾ ಯೋಜನೆಯೂ 10 ಸಾವಿರ ಜೀನೋಮ್‌ಗಳ ಗುರಿಯನ್ನಿಟ್ಟುಕೊಂಡು ಕೆಲಸ ಮಾಡಿದೆ. ‘ಭಾರತೀಯರ ಸಂಗ್ರಹದಲ್ಲಿ ಈ ಬದಲಾವಣೆಯನ್ನು ಹುಡುಕಿ ನೋಡಿದ್ದೀರಾ?’ ಎಂದು ಪ್ರಯೋಗಾಲಯವನ್ನು ಕೇಳುವುದು ನ್ಯಾಯವಾದ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಮನೆಯವರು ಕೇಳಲೇಬೇಕಾದ ಪ್ರಶ್ನೆ.

ತಂದೆತಾಯಿಯ ಪರೀಕ್ಷೆ, ಮತ್ತು ತಪ್ಪು ಯಾರದೆಂಬ ಮಾತು

ವರ್ಗ ಯಾವುದೇ ಇರಲಿ, ಮುಂದಿನ ಹೆಜ್ಜೆ ಸಾಮಾನ್ಯವಾಗಿ ತಂದೆತಾಯಿಯ ರಕ್ತದಲ್ಲಿ ಅದೇ ಒಂದು ಸ್ಥಾನವನ್ನು ನೋಡುವುದು. ಸ್ಯಾಂಗರ್ ಸೀಕ್ವೆನ್ಸಿಂಗ್ ಎಂಬ ಈ ಪರೀಕ್ಷೆ ಮಗುವಿಗೆ ಮಾಡಿಸಿದ ದೊಡ್ಡ ಪರೀಕ್ಷೆಗಿಂತ ಬಹಳ ಅಗ್ಗ. ಹಾಗಿದ್ದರೂ ಮನೆಯವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಇಬ್ಬರಲ್ಲಿಯೂ ಆ ಬದಲಾವಣೆ ಇಲ್ಲದಿದ್ದರೆ ಅದು ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದ್ದು. ವರದಿಗಳಲ್ಲಿ ಡಿ ನೋವೋ ಎನ್ನುತ್ತಾರೆ. ಮಗುವಿನ ಲಕ್ಷಣಗಳೂ ಹೊಂದಿಕೆಯಾಗುತ್ತಿದ್ದರೆ, ಬದಲಾವಣೆಯೇ ಕಾರಣ ಎನ್ನುವುದಕ್ಕೆ ಇದು ಗಟ್ಟಿಯಾದ ಸಾಕ್ಷ್ಯ. ಇಬ್ಬರಲ್ಲಿ ಒಬ್ಬರಿಗೆ ಇದ್ದರೆ, ಅವರ ಕಾಲುಗಳನ್ನೂ ನರರೋಗ ತಜ್ಞರು ಪರೀಕ್ಷಿಸಬೇಕು.

ಅರಕಲಗೂಡಿನ ಕುಟುಂಬದಲ್ಲಿ ಆದದ್ದು ಅದೇ. ತಂದೆಯ ರಕ್ತದಲ್ಲಿಯೂ ಅದೇ ಬದಲಾವಣೆ ಕಂಡಿತು. ‘ನನಗೇನೂ ಇಲ್ಲ, ತೋಟದ ಕೆಲಸವನ್ನೆಲ್ಲ ನಾನೇ ಮಾಡುತ್ತೇನೆ’ ಎಂದು ಅವರು ಹೇಳಿದರು. ವೈದ್ಯರು ಅವರನ್ನು ನೆಲದ ಮೇಲೆ ಚಕ್ಕಲಮಕ್ಕಲ ಕೂರಿಸಿ ಏಳಲು ಹೇಳಿದಾಗ, ಅವರು ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಮದುವೆಯ ಪಂಕ್ತಿಯಲ್ಲಿ ಊಟ ಮಾಡಿ ಏಳುವಾಗಲೂ ಚಿಕ್ಕಂದಿನಿಂದ ಹಾಗೆಯೇ ಏಳುತ್ತಿದ್ದರೆಂದೂ ನಡೆಯಲು ಕಲಿತದ್ದು ಎರಡು ವರ್ಷ ತುಂಬಿದ ಮೇಲೆ ಎಂದೂ ಅವರ ತಾಯಿ ಆಮೇಲೆ ನೆನಪಿಸಿಕೊಂಡರು. ತೊಡೆಯ ಮುಂಭಾಗದ ಸ್ನಾಯು ಅವರಿಗೂ ತೆಳುವಾಗಿತ್ತು. ಮೂವತ್ತೆಂಟು ವರ್ಷವಾದರೂ ಅದು ಹೆಚ್ಚಾಗಿರಲಿಲ್ಲ. ಒಂದೇ ಬದಲಾವಣೆ ಒಂದೇ ಮನೆಯಲ್ಲಿ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ತೊಂದರೆ ಕೊಡುವುದು ಈ ವಂಶವಾಹಿಯಲ್ಲಿ ತಿಳಿದಿರುವ ಸಂಗತಿ. ಆದ್ದರಿಂದ ವೈದ್ಯರ ಬಳಿಗೆ ಹೋಗುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಮೂರು ತಲೆಮಾರಿನ ವಂಶವೃಕ್ಷವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ತಡವಾಗಿ ನಡೆದರು, ಯಾರ ಪಾದ ಹುಟ್ಟಿನಿಂದ ಒಳಕ್ಕೆ ತಿರುಗಿತ್ತು, ಯಾರಿಗೆ ಮೆಟ್ಟಿಲು ಹತ್ತಲು ಕಷ್ಟವಾಗುತ್ತಿತ್ತು, ಯಾರಿಗೆ ಫಿಟ್ಸ್ ಬರುತ್ತಿತ್ತು ಎಂಬುದನ್ನು ಅಜ್ಜಿಯಂದಿರು ಬಲ್ಲಷ್ಟು ಯಾವ ಕಡತವೂ ಬಲ್ಲದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಹಳೆಯ ರೂಢಿ. ಮಗುವಿಗೆ ಜೆನೆಟಿಕ್ ತೊಂದರೆ ಎಂದ ಕೂಡಲೇ ‘ಒಳಗೊಳಗೇ ಮದುವೆಯಾದದ್ದಕ್ಕೆ ಹೀಗಾಯಿತು’ ಎಂಬ ಮಾತು ಬರುತ್ತದೆ, ಅದೂ ಹೆಚ್ಚಾಗಿ ತಾಯಿಯ ಮೇಲೆ ಬೀಳುತ್ತದೆ. ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಬರುವ ಕಾಯಿಲೆಗಳಲ್ಲಿ ರಕ್ತಸಂಬಂಧದ ಮದುವೆಯಿಂದ ಅಪಾಯ ಹೆಚ್ಚುತ್ತದೆ, ನಿಜ. ಡಿವೈಎನ್‌ಸಿ1ಎಚ್1 ಕಾಯಿಲೆ ಒಂದೇ ಪ್ರತಿಯ ಬದಲಾವಣೆಯಿಂದ ಬರುವಂಥದ್ದಾದ್ದರಿಂದ ಸಂಬಂಧದೊಳಗಿನ ಮದುವೆ ಇದಕ್ಕೆ ಕಾರಣವಲ್ಲ. ಹೊಸದಾಗಿ ಹುಟ್ಟಿದ ಬದಲಾವಣೆಯಾದರೆ ಗರ್ಭಿಣಿ ಏನು ತಿಂದಳು, ಯಾವ ಗ್ರಹಣವನ್ನು ನೋಡಿದಳು ಎಂಬುದರಿಂದ ಆದದ್ದೂ ಅಲ್ಲ. ಜೀವಕೋಶಗಳು ವಿಭಜನೆಯಾಗುವಾಗ ಡಿಎನ್‌ಎಯ ನಕಲು ತೆಗೆಯುವ ಕೆಲಸದಲ್ಲಿ ಎಲ್ಲರ ದೇಹದಲ್ಲಿಯೂ ಆಗುವ ಅಕ್ಷರದೋಷ ಅದು. ಈ ಮಾತನ್ನು ಅತ್ತೆ ಮಾವಂದಿರ ಎದುರಿಗೇ ಹೇಳಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಔಷಧಿಯಷ್ಟೇ ಅಗತ್ಯವಾದ ಮಾತು ಇದು.

ಮುಂದಿನ ಮಗುವಿನ ಲೆಕ್ಕವೂ ಇದೇ ಪರೀಕ್ಷೆಯಿಂದಲೇ ಹೊರಡುತ್ತದೆ. ತಂದೆ ಅಥವಾ ತಾಯಿಯಲ್ಲಿ ಬದಲಾವಣೆ ಇದ್ದರೆ ಪ್ರತಿ ಗರ್ಭಕ್ಕೂ ಅರ್ಧಕ್ಕರ್ಧ ಸಾಧ್ಯತೆ. ಮೊದಲ ಮಗುವಿಗೆ ಬಂದಿದೆ ಎಂದು ಎರಡನೆಯದಕ್ಕೆ ಕಡಿಮೆಯಾಗುವುದಿಲ್ಲ. ಇಬ್ಬರ ರಕ್ತದಲ್ಲಿಯೂ ಇಲ್ಲದಿದ್ದರೆ ಮರುಕಳಿಸುವ ಸಾಧ್ಯತೆ ಬಹಳ ಕಡಿಮೆ, ಸಾಮಾನ್ಯವಾಗಿ ಶೇಕಡಾ ಒಂದರ ಆಸುಪಾಸು ಎಂದು ಸಲಹೆಗಾರರು ಹೇಳುತ್ತಾರೆ. ಅದು ಸೊನ್ನೆಯಾಗದಿರುವುದು, ಅಂಡಾಣು ಅಥವಾ ವೀರ್ಯಾಣುಗಳ ಒಂದು ಪಾಲಿನಲ್ಲಿ ಮಾತ್ರ ಬದಲಾವಣೆ ಅಡಗಿರಬಹುದಾದ್ದರಿಂದ. ಗರ್ಭದಲ್ಲಿಯೇ ಪರೀಕ್ಷಿಸಬೇಕೆಂದಿದ್ದರೆ 11ರಿಂದ 13 ವಾರಗಳ ನಡುವೆ ಮಾಸುವಿನ ಚೂರಿನಿಂದ, ಅಥವಾ 15-16 ವಾರಗಳ ನಂತರ ಗರ್ಭಜಲದಿಂದ ಮಾಡುತ್ತಾರೆ. ಬದಲಾವಣೆಯ ವರ್ಗ ಆ ಹೊತ್ತಿಗೆ ಇತ್ಯರ್ಥವಾಗಿರಬೇಕು. ಬಸಿರಾದ ಮೇಲೆ ಓಡಾಡುವ ಬದಲು ಮೊದಲೇ ಸಲಹೆಗಾರರನ್ನು ಕಾಣುವುದು ಒಳ್ಳೆಯದು.

ಎಸ್‌ಎಂಎ ಎಂಬ ಹೆಸರಿನಿಂದ ಆಗುವ ಗೊಂದಲ

ಈಗ ಕಾಯಿಲೆಯ ಹೆಸರಿಗೆ ಬರೋಣ. ಈ ವಂಶವಾಹಿಯ ಪಕ್ಕದಲ್ಲಿ ಮೂರು ಹೆಸರುಗಳು ಹೆಚ್ಚಾಗಿ ಕಾಣುತ್ತವೆ. ಕಾಲುಗಳಲ್ಲಿ ಪ್ರಧಾನವಾಗಿರುವ ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ (ಬೆನ್ನುಹುರಿಯ ನರಕೋಶಗಳ ತೊಂದರೆಯಿಂದ ಸ್ನಾಯು ಸೊರಗುವುದು), ಅಂದರೆ ಎಸ್‌ಎಂಎ-ಎಲ್‌ಇಡಿ. ನರಗಳ ತೊಂದರೆಯಾದ ಶಾರ್ಕೋ-ಮರೀ-ಟೂತ್ 2ಒ. ಮತ್ತು ಮೆದುಳಿನ ಹೊರಪದರದ ರಚನಾದೋಷದೊಂದಿಗೆ ಬರುವ ಬೌದ್ಧಿಕ ಬೆಳವಣಿಗೆಯ ತೊಂದರೆ. ಮೂರೂ ಹೆಸರು ಅಚ್ಚಾಗಿದ್ದ ಮಾತ್ರಕ್ಕೆ ಮಗುವಿಗೆ ಮೂರೂ ಇವೆ ಎಂದಲ್ಲ. ಈ ವಂಶವಾಹಿಯೊಂದಿಗೆ ಈವರೆಗೆ ಗುರುತಿಸಿದ ಕಾಯಿಲೆಗಳ ಪಟ್ಟಿ ಅದು. ಮಗುವಿಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಹೇಳುವುದು ಮಗುವಿನ ದೇಹ. ಎಸ್‌ಎಂಎ-ಎಲ್‌ಇಡಿಯಲ್ಲಿ ನಿಶ್ಶಕ್ತಿ ಚಿಕ್ಕಂದಿನಲ್ಲಿಯೇ ತೊಡೆಗಳಲ್ಲಿ ಕಾಣಿಸುತ್ತದೆ, ಕೈಗಳು ಬಹುಮಟ್ಟಿಗೆ ಉಳಿಯುತ್ತವೆ, ಸ್ಪರ್ಶಜ್ಞಾನ ಚೆನ್ನಾಗಿರುತ್ತದೆ, ಮತ್ತು ತೊಂದರೆ ಬಹಳ ನಿಧಾನವಾಗಿ ಮುಂದುವರಿಯುತ್ತದೆ ಅಥವಾ ಇದ್ದಲ್ಲಿಯೇ ನಿಲ್ಲುತ್ತದೆ.

ಎಸ್‌ಎಂಎ ಎಂಬ ಮೂರಕ್ಷರಗಳು ಕಂಡ ಕೂಡಲೇ ಜನರಿಗೆ ನೆನಪಾಗುವುದು ಪತ್ರಿಕೆಗಳಲ್ಲಿ ಬಂದ 16 ಕೋಟಿ ರೂಪಾಯಿಯ ಇಂಜೆಕ್ಷನ್. ಆ ಔಷಧಿಯೂ ಎಸ್‌ಎಂಎಗೆ ಬಳಕೆಯಲ್ಲಿರುವ ನುಸಿನೆರ್ಸನ್, ರಿಸ್ಡಿಪ್ಲಾಮ್ ಎಂಬ ಔಷಧಿಗಳೂ 5ನೆಯ ವರ್ಣತಂತುವಿನಲ್ಲಿರುವ ಎಸ್‌ಎಂಎನ್1 ವಂಶವಾಹಿಯ ಕಾಯಿಲೆಗಾಗಿ ರೂಪುಗೊಂಡವು. ಆ ಕಾಯಿಲೆಯಲ್ಲಿ ಕಡಿಮೆಯಾಗಿರುವ ಪ್ರೋಟೀನನ್ನು ಅವು ತುಂಬಿಕೊಡುತ್ತವೆ. ಡೈನೀನ್‌ನ ಕಾಯಿಲೆಯಲ್ಲಿ ಆ ಪ್ರೋಟೀನಿಗೆ ಯಾವ ಕೊರತೆಯೂ ಇಲ್ಲವಾದ್ದರಿಂದ ಈ ಔಷಧಿಗಳು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತೋಟ ಮಾರುವ ಯೋಚನೆಗೋ ಊರೂರಿನಲ್ಲಿ ಚಂದಾ ಎತ್ತುವ ಕೆಲಸಕ್ಕೋ ಇಳಿಯುವ ಮೊದಲು ವರದಿಯಲ್ಲಿರುವುದು ಎಸ್‌ಎಂಎನ್1 ಎಂದೋ ಡಿವೈಎನ್‌ಸಿ1ಎಚ್1 ಎಂದೋ ಎರಡು ಸಲ ನೋಡಿ. ಡಿವೈಎನ್‌ಸಿ1ಎಚ್1ರ ದೋಷವನ್ನೇ ಸರಿಪಡಿಸುವ ಔಷಧಿ ಬಳಕೆಗೆ ಬಂದಿಲ್ಲ. ಇದನ್ನು ಬರೆಯುವಾಗ ನನಗೂ ನೋವಾಗುತ್ತದೆ. ಆದರೆ ಇಲ್ಲದ ಔಷಧಿಯ ಹಿಂದೆ ಓಡಿ ಕಳೆಯುವ ತಿಂಗಳುಗಳು ಮಗುವಿನ ಕಾಲಿಗೆ ವ್ಯಾಯಾಮ ಸಿಗಬೇಕಾದ ತಿಂಗಳುಗಳು.

ಹೊರಡುವ ಮೊದಲು, ಬಂದ ಮೇಲೆ

ಮಕ್ಕಳ ತಜ್ಞರನ್ನು ಹಾಸನದಲ್ಲಿಯೇ ಕಾಣಬಹುದು. ವರದಿಯ ಅರ್ಥವನ್ನು ಇತ್ಯರ್ಥ ಮಾಡುವುದಕ್ಕೆ ವೈದ್ಯಕೀಯ ತಳಿವಿಜ್ಞಾನದ ವಿಭಾಗ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಇವೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯವರು ಘಟ್ಟ ಇಳಿದು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವಿಭಾಗಕ್ಕೂ ಹೋಗಬಹುದು. ಹೋಗುವಾಗ ವರದಿಯ ಎಲ್ಲ ಪುಟಗಳ ಮುದ್ರಿತ ಪ್ರತಿ, ವಂಶವೃಕ್ಷದ ಹಾಳೆ, ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ ಹಾಗೂ ಎಂಆರ್‌ಐ ಮಾಡಿಸಿದ್ದರೆ ಅವುಗಳ ಚಿತ್ರಗಳನ್ನು ತೆಗೆದುಕೊಂಡು ಹೋಗಿ. ಅದರೊಂದಿಗೆ ಮಗು ನಡೆಯುವುದು, ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು ಇವುಗಳ ಒಂದೊಂದು ನಿಮಿಷದ ವಿಡಿಯೋ ಇರಲಿ. ದೂರದ ಪ್ರಯಾಣದಿಂದ ದಣಿದ ಮಗು ವೈದ್ಯರ ಕೊಠಡಿಯಲ್ಲಿ ನಡೆಯಲು ಒಪ್ಪದಿರುವುದು ಎಲ್ಲ ಮನೆಗಳಲ್ಲಿಯೂ ಆಗುವ ಸಂಗತಿ.

ತೀರ್ಮಾನ ಬರುವವರೆಗೆ ಕಾಯದೆ ಆರಂಭಿಸಬೇಕಾದದ್ದು ಫಿಸಿಯೋಥೆರಪಿ. ಕೀಲುಗಳು ಬಿಗಿಯದಂತೆ ನಿತ್ಯ ಎಳೆದು ಸಡಿಲಿಸುವ ವ್ಯಾಯಾಮವನ್ನು ತಾಯಿಯೊಬ್ಬರೇ ಅಲ್ಲದೆ ಮನೆಯ ಇಬ್ಬರು ಮೂವರು ಕಲಿತುಕೊಳ್ಳಬೇಕು. ಪಾದ ಒಳಕ್ಕೆ ತಿರುಗಿದ್ದರೆ ಪ್ಲಾಸ್ಟರ್ ಕಟ್ಟಿ ಸರಿಪಡಿಸುವ ಪೊನ್ಸೆಟಿ ವಿಧಾನವನ್ನು ಎಳೆಯ ವಯಸ್ಸಿನಲ್ಲಿಯೇ ಮಾಡಬೇಕು. ಹಿಮ್ಮಡಿಯ ಪಟ್ಟಿ ಬೇಕೇ ಎಂಬುದನ್ನು ಮೂಳೆ ತಜ್ಞರು ಹೇಳುತ್ತಾರೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವಿನ ಹೆಸರನ್ನು ಕೊಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯವೆಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು ನಾಚಿಕೆಪಡಬೇಕಾದದ್ದು ಏನೂ ಇಲ್ಲ.

ಕೊನೆಯದಾಗಿ ಪ್ರಯೋಗಾಲಯದಿಂದ ಒಂದು ವಸ್ತುವನ್ನು ಕೇಳಿ ಪಡೆದುಕೊಳ್ಳಿ. ಪರೀಕ್ಷೆಯ ಮೂಲ ದತ್ತಾಂಶದ ಕಡತಗಳನ್ನು ಪೆನ್‌ಡ್ರೈವಿನಲ್ಲಿಯೋ ಡೌನ್‌ಲೋಡ್ ಕೊಂಡಿಯಾಗಿಯೋ ಕೊಡುವಂತೆ ಲಿಖಿತವಾಗಿ ಕೇಳಬಹುದು. ವಿಯುಎಸ್ ಎಂದು ಬಂದ ಬದಲಾವಣೆ ಮುಂದೆ ಬೇರೆ ಕುಟುಂಬಗಳಲ್ಲಿಯೂ ಕಂಡುಬಂದಂತೆ ಅದರ ವರ್ಗ ಬದಲಾಗುತ್ತದೆ, ಕೆಲವೊಮ್ಮೆ ನಿರಪಾಯದ ಕಡೆಗೆ, ಕೆಲವೊಮ್ಮೆ ಇನ್ನೊಂದು ಕಡೆಗೆ. ಎರಡು ವರ್ಷಕ್ಕೊಮ್ಮೆ ಆ ಕಡತವನ್ನು ತಜ್ಞರಿಗೆ ಕೊಟ್ಟು ಮರುವಿಶ್ಲೇಷಣೆ ಮಾಡಿಸಿದರೆ ಮಗುವಿನ ತೋಳಿಗೆ ಮತ್ತೆ ಸೂಜಿ ಚುಚ್ಚಬೇಕಾಗುವುದಿಲ್ಲ. ಅರಕಲಗೂಡಿನವರ ಪೆನ್‌ಡ್ರೈವ್ ಈಗ ಅವರ ಮನೆಯ ಬೀರುವಿನಲ್ಲಿ, ಪಹಣಿ ಪತ್ರಗಳ ಜೊತೆಯಲ್ಲಿದೆ. ಅದರ ಮೇಲೆ ಮಗಳ ಹೆಸರನ್ನೂ ಮುಂದಿನ ಮರುವಿಶ್ಲೇಷಣೆಯ ತಿಂಗಳನ್ನೂ ಬರೆದು ಅಂಟಿಸಿದ್ದಾರೆ.